ಇಸಿಡಾ ಹಿಡಿದವನ ಕೆಲಸ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ಬೇಳೆ ಗಿರಣಿಯಲ್ಲಿ ನಾನು ಫಿಟರ್. ಹೊಸ ತೊಗರಿ ಬರತೊಡಗಿತೆಂದರೆ ಗಿರಣಿ ಹಗಲು ರಾತ್ರಿ ಓಡುತ್ತದೆ. ಬೇರಿಂಗ್ ಕಾದು ಕೂಗಿದ ಮೇಲೆ ಓಡಿ ಬರುವ ಫಿಟರ್‌ನಿಂದ ಯಾರಿಗೂ ಉಪಯೋಗವಿಲ್ಲ. ಕೂಗುವ ಮುಂಚೆಯೇ ಅಲ್ಲಿ ಗ್ರೀಸ್ ಗನ್ ಹಿಡಿದು ನಿಂತಿರಬೇಕು. ರಾತ್ರಿ ರೊಟ್ಟಿ ಉಂಡು ಕೈ ತೊಳೆದ ಮೇಲೆ ಒಂದು ತಾಸು ನನ್ನ ಅಕ್ಕನ ಮಗನ ಜೊತೆ ಟ್ಯಾಂಕಿ ಆನ್‌ಲೈನ್ ಆಡುತ್ತೇನೆ. ಅಲ್ಲಿ ನಾನು ಹಿಡಿಯುವುದು ಇಸಿಡಾ, ಅಂದರೆ ಜೊತೆಯ ಟ್ಯಾಂಕುಗಳಿಗೆ ಜೀವ ತುಂಬುವ ತೋಪು. ಮೂರು ವರ್ಷದಿಂದ ಬೇರೆ ತೋಪು ಮುಟ್ಟಿಲ್ಲ. ಕೇಳಿದವರಿಗೆ ಇಷ್ಟು ದಿನ ಬಾಯಲ್ಲಿ ಹೇಳುತ್ತಿದ್ದುದನ್ನು ಈಗ ಬರೆದಿಡುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 2009ರಲ್ಲಿ ರಷ್ಯಾದ ಪೆರ್ಮ್ ನಗರದ ಆಲ್ಟರ್ನೇಟಿವಾ ಪ್ಲಾಟ್‌ಫಾರ್ಮ್ ಕಂಪನಿ ಹೊರತಂದ ಆಟ. ಬ್ರೌಸರ್‌ನಲ್ಲೇ ತೆರೆಯುತ್ತದೆ. ಟ್ಯಾಂಕಿನ ಒಡಲು ಬೇರೆ, ಅದರ ಮೇಲಿನ ತೋಪು ಬೇರೆ. ಎರಡನ್ನೂ ನಮಗೆ ಬೇಕಾದ ಹಾಗೆ ಜೋಡಿಸಿಕೊಳ್ಳಬಹುದು. ಕೆಂಪು ಬಣ, ನೀಲಿ ಬಣ. ಕಲಬುರಗಿ ಕೋಟೆಯ ಮೇಲಿನ ಉದ್ದದ ತೋಪನ್ನು ನೋಡಿ ಬೆಳೆದ ನಮ್ಮ ಹುಡುಗರಿಗೆ ತೋಪು ಎಂದರೆ ದೂರಕ್ಕೆ ಹೊಡೆಯುವುದು. ಆದ್ದರಿಂದ ಆಟಕ್ಕೆ ಬಂದವರೆಲ್ಲ ಮೊದಲು ಕೈ ಹಾಕುವುದು ರೈಲ್‌ಗನ್‌ಗೆ. ಇಸಿಡಾ ದೂರಕ್ಕೆ ಹೊಡೆಯುವುದಿಲ್ಲ. ಹತ್ತಿರದ ಟ್ಯಾಂಕಿಗೆ ಒಂದು ಕಿರಣವನ್ನು ಅಂಟಿಸುತ್ತದೆ. ಆ ಟ್ಯಾಂಕು ನಮ್ಮ ಬಣದ್ದಾದರೆ ಅದರ ಜೀವ ಏರುತ್ತದೆ, ಎದುರು ಬಣದ್ದಾದರೆ ಇಳಿಯುತ್ತದೆ. ಇಸಿಡಾ ಎಂಬುದು ಈಜಿಪ್ಟಿನ ಐಸಿಸ್ ದೇವತೆಯ ರಷ್ಯನ್ ಹೆಸರು. ತುಂಡು ತುಂಡಾಗಿದ್ದ ಗಂಡನ ದೇಹವನ್ನು ಹುಡುಕಿ, ಜೋಡಿಸಿ, ಜೀವ ಬರಿಸಿದವಳು ಆಕೆ ಎಂದು ಕಥೆ. ಅದನ್ನು ತಿಳಿದ ಮೇಲೆ ಈ ತೋಪಿನ ಮೇಲೆ ನನಗೆ ಗೌರವ ಹೆಚ್ಚಿತು.

ಮೊದಲು ಒಡಲನ್ನು ಆರಿಸಿಕೊಳ್ಳಿ. ವಾಸ್ಪ್ ಹಗುರ, ವೇಗವಾಗಿ ಓಡುತ್ತದೆ, ಆದರೆ ನಾಲ್ಕು ಪೆಟ್ಟು ತಾಳುವುದಿಲ್ಲ. ಮ್ಯಾಮತ್ ಎಲ್ಲಕ್ಕಿಂತ ಭಾರ, ಪೆಟ್ಟು ತಿನ್ನುತ್ತದೆ, ಆದರೆ ಜೊತೆಗಾರ ಮೈದಾನದ ಆ ತುದಿ ಮುಟ್ಟುವಾಗ ನೀವು ಇನ್ನೂ ಅರ್ಧ ದಾರಿಯಲ್ಲಿರುತ್ತೀರಿ. ನೀವು ಯಾರಿಗೆ ಜೀವ ತುಂಬುತ್ತೀರೋ ಅವರ ವೇಗಕ್ಕೆ ನಿಮ್ಮ ವೇಗ ಹೊಂದಬೇಕು, ಸಾಧ್ಯವಾದರೆ ಒಂದು ಕೈ ಹೆಚ್ಚೇ ಇರಬೇಕು. ನನ್ನ ಅಳಿಯ ಟೈಟನ್ ಓಡಿಸುತ್ತಾನೆ; ನಾನು ವೈಕಿಂಗ್. ಟೈಟನ್ ಮುಂದೆ ಹೋದರೂ ವೈಕಿಂಗ್ ಅದನ್ನು ಬೇಗ ಸೇರಿಕೊಳ್ಳುತ್ತದೆ, ಹಿಂದೆ ಸರಿಯುವಾಗಲೂ ದಾರಿ ಬಿಟ್ಟು ಪಕ್ಕಕ್ಕೆ ಹಾರಿಕೊಳ್ಳುತ್ತದೆ. ಹಂಟರ್ ಕೂಡ ಆಗುತ್ತದೆ.

ಇನ್ನು ಬೆರಳುಗಳ ಅಭ್ಯಾಸ. ಇದಕ್ಕೆ ಹೆಚ್ಚು ದಿನ ಕೊಡಿ, ಏಕೆಂದರೆ ಹೊಸಬರು ಸೋಲುವುದು ಇಲ್ಲೇ. ಒಡಲನ್ನು ಬಾಣದ ಕೀಲಿಗಳಿಂದ ತಿರುಗಿಸುತ್ತೇವೆ. ತೋಪನ್ನು ಝಡ್ ಮತ್ತು ಎಕ್ಸ್ ಕೀಲಿಗಳಿಂದ ತಿರುಗಿಸುತ್ತೇವೆ. ಸಿ ಒತ್ತಿದರೆ ತೋಪು ನೇರಕ್ಕೆ ಬರುತ್ತದೆ. ಸ್ಪೇಸ್ ಒತ್ತಿದರೆ ಕಿರಣ ಹೊರಡುತ್ತದೆ. ಹೊಡೆಯುವವರಿಗೆ ಒಡಲು ಮತ್ತು ತೋಪು ಒಂದೇ ದಿಕ್ಕಿಗಿದ್ದರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ಜೊತೆಗಾರ ಎಡಕ್ಕೆ ಓಡುತ್ತಿರುತ್ತಾನೆ, ನಾವು ಬಂಡೆಯ ಮರೆಗಾಗಿ ಬಲಕ್ಕೆ ಓಡುತ್ತಿರುತ್ತೇವೆ, ತೋಪು ಮಾತ್ರ ಅವನ ಮೇಲೇ ನಿಂತಿರಬೇಕು. ನಾವು ಮಾಡಿದ ಅಭ್ಯಾಸ ಹೀಗಿತ್ತು: ಜನ ಕಡಿಮೆಯಿರುವ ಒಂದು ಪಂದ್ಯದಲ್ಲಿ ಮೂಲೆಗೆ ಹೋಗಿ ಅಳಿಯ ಒಂದು ಕಂಬವನ್ನು ಸುತ್ತುತ್ತಿದ್ದ. ನಾನು ಅವನ ಎದುರು ದಿಕ್ಕಿಗೆ ಸುತ್ತುತ್ತ ತೋಪನ್ನು ಅವನ ಮೇಲಿಂದ ಕದಲಿಸದೆ ಹಿಡಿಯುತ್ತಿದ್ದೆ. ಕಂಬ ನಡುವೆ ಬಂದೊಡನೆ ಕಿರಣ ಕಡಿಯುತ್ತದೆ. ಅದು ಎಲ್ಲಿ ಕಡಿಯುತ್ತದೆ, ಎಲ್ಲಿ ಮತ್ತೆ ಅಂಟುತ್ತದೆ, ಎಷ್ಟು ದೂರ ಹೋದರೆ ಕೈ ತಪ್ಪುತ್ತದೆ ಎಂಬುದು ನಾಲ್ಕು ಸಂಜೆಗಳಲ್ಲಿ ಬೆರಳಿಗೆ ಬಂತು. ಐದನೆಯ ಸಂಜೆ ನಾನು ಕೀಲಿಮಣೆ ನೋಡುವುದನ್ನು ಬಿಟ್ಟೆ.

ಕಣ್ಣು ಎಲ್ಲಿರಬೇಕು? ಶತ್ರುವಿನ ಮೇಲಲ್ಲ. ಜೊತೆಯ ಟ್ಯಾಂಕುಗಳ ಮೇಲೆ ಕಾಣುವ ಜೀವದ ಪಟ್ಟಿಯ ಮೇಲಿರಬೇಕು. ಮುಕ್ಕಾಲಿಗೆ ಇಳಿದಾಗಲೇ ತುಂಬಲು ಶುರು ಮಾಡಿ. ಕಾಲು ಭಾಗಕ್ಕೆ ಇಳಿಯಲಿ ಎಂದು ಕಾಯುವವರು ಬಹಳ ಜನ. ಒಂದೇ ರೈಲ್‌ಗನ್ ಗುಂಡಿಗೆ ಆ ಕಾಲು ಭಾಗ ಹೋಗಿಬಿಡುತ್ತದೆ, ಇಸಿಡಾದ ಕಿರಣ ಅಷ್ಟು ಬೇಗ ತುಂಬುವುದಿಲ್ಲ. ಗಿರಣಿಯಲ್ಲಿ ಎಲಿವೇಟರ್ ಬೆಲ್ಟು ಒಂದು ಬದಿಗೆ ಸ್ವಲ್ಪ ವಾಲಿದಾಗಲೇ ಬೋಲ್ಟು ಬಿಗಿ ಮಾಡಿದರೆ ಐದು ನಿಮಿಷದ ಕೆಲಸ. ಹರಿದ ಮೇಲಾದರೆ ಇಡೀ ಪಾಳಿ ಹೋಗುತ್ತದೆ. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದೇನೆ.

ಕಿರಣಕ್ಕೂ ಒಂದು ಶಕ್ತಿಯ ಪಟ್ಟಿ ಇದೆ. ಸ್ಪೇಸ್ ಒತ್ತಿ ಹಿಡಿದಷ್ಟು ಹೊತ್ತು ಅದು ಕರಗುತ್ತದೆ, ಬಿಟ್ಟಾಗ ತುಂಬಿಕೊಳ್ಳುತ್ತದೆ. ಪೂರ್ತಿ ಬರಿದಾಗುವ ತನಕ ಒತ್ತಬೇಡಿ. ಮೂರರಲ್ಲಿ ಒಂದು ಪಾಲು ಯಾವಾಗಲೂ ಕೈಯಲ್ಲಿರಲಿ. ಜೊತೆಗಾರನ ಪಟ್ಟಿ ತುಂಬಿದ ಕ್ಷಣವೇ ಬೆರಳು ಎತ್ತಿ. ತುಂಬಿದವನಿಗೆ ಇನ್ನೂ ತುಂಬುತ್ತ ನಿಂತರೆ ಮುಂದಿನ ದಾಳಿಯಲ್ಲಿ ಬರಿಗೈಯಲ್ಲಿರುತ್ತೀರಿ. ಗ್ರೀಸ್ ಗನ್ನಿನಿಂದ ಎರಡು ಸಲ ಒತ್ತಿ, ನಿಲ್ಲಿಸಿ, ಬೇರಿಂಗಿನ ಸದ್ದು ಕೇಳಿ, ಬೇಕಾದರೆ ಮತ್ತೆ ಒತ್ತುವ ಹಾಗೆ.

ನಿಲ್ಲುವ ಜಾಗದ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಂದು ರಾತ್ರಿ ನನ್ನ ತಪ್ಪಿನಿಂದಲೇ ಇದನ್ನು ಕಲಿತೆ. ಸ್ಯಾಂಡ್‌ಬಾಕ್ಸ್ ಎಂಬ ಚಿಕ್ಕ ಮೈದಾನ, ಬಾವುಟ ಕದಿಯುವ ಪಂದ್ಯ. ಅಳಿಯ ಒಂದು ಗೋಡೆಯ ಮೂಲೆಯಿಂದ ಇಣುಕಿ ಹೊಡೆಯುತ್ತಿದ್ದ. ನಾನು ಅವನ ಬೆನ್ನಿಗೆ ಅಂಟಿಕೊಂಡು ಜೀವ ತುಂಬುತ್ತಿದ್ದೆ. ಎದುರಿನಿಂದ ಇಬ್ಬರು ಒಟ್ಟಿಗೆ ಬಂದರು. ಅವನು ಹಿಂದೆ ಸರಿಯಲು ನೋಡಿದ; ಹಿಂದೆ ನಾನಿದ್ದೆ. ಅವನ ಟ್ಯಾಂಕು ನನ್ನ ಟ್ಯಾಂಕಿಗೆ ತಾಗಿ ನಿಂತಿತು, ಮೂಲೆಯ ಹೊರಗೆ ಅರ್ಧ ಒಡಲು ಉಳಿಯಿತು. ಫೋನಿನಲ್ಲಿ ಅವನು ಕೂಗಿದ, “ಮಾಮಾ, ದಾರಿ ಬಿಡು!” ನಾನು ಬಿಡುವಷ್ಟರಲ್ಲಿ ಅವನ ಟ್ಯಾಂಕು ಸಿಡಿದಿತ್ತು. ನನ್ನ ಕಿರಣ ಕೊನೆಯ ತನಕ ಅವನ ಮೇಲೇ ಇತ್ತು, ಶಕ್ತಿಯೂ ಇತ್ತು. ಅವನು ಸತ್ತದ್ದು ನಾನು ನಿಂತ ಜಾಗದಿಂದ.

ಆದ್ದರಿಂದ ನೇರ ಬೆನ್ನ ಹಿಂದೆ ನಿಲ್ಲಬೇಡಿ. ಅವನ ಹಿಂದೆ ಒಂದೂವರೆ ಟ್ಯಾಂಕಿನಷ್ಟು ಜಾಗ ಬಿಟ್ಟು, ಗೋಡೆ ಇರುವ ಬದಿಗೆ ವಾಲಿ ನಿಲ್ಲಿ. ಅವನು ಹಿಂದೆ ಬಂದರೆ ನಿಮ್ಮ ಪಕ್ಕದಲ್ಲಿ ಬಂದು ನಿಲ್ಲಬೇಕು, ನಿಮಗೆ ಗುದ್ದಬಾರದು. ಶತ್ರುವಿಗೆ ನಿಮ್ಮ ಒಡಲು ಕಾಣಬಾರದು, ನಿಮಗೆ ಮಾತ್ರ ಜೊತೆಗಾರನ ಒಡಲು ಕಾಣಬೇಕು. ಕಿರಣ ಹೊಳೆಯುತ್ತದೆ, ಅದನ್ನು ನೋಡಿದ ಜಾಣ ಶತ್ರು ಮೊದಲು ನಿಮ್ಮನ್ನೇ ಹುಡುಕುತ್ತಾನೆ ಎಂಬುದನ್ನು ಮರೆಯಬೇಡಿ. ಮೂರು ತೋಪುಗಳು ಒಮ್ಮೆಗೇ ನಿಮ್ಮ ಕಡೆ ತಿರುಗಿದರೆ 2 ಒತ್ತಿ. ಒಡಲಿನ ಕವಚ ಸ್ವಲ್ಪ ಹೊತ್ತು ಗಟ್ಟಿಯಾಗುತ್ತದೆ. 1 ಒತ್ತಿದರೆ ನಿಮ್ಮದೇ ದುರಸ್ತಿ. ಇನ್ನೊಬ್ಬರಿಗೆ ಜೀವ ತುಂಬುವಾಗ ನಿಮಗೆ ಜೀವ ಬರುವುದಿಲ್ಲವಾದ್ದರಿಂದ ಈ ದುರಸ್ತಿ ಪೆಟ್ಟಿಗೆಯನ್ನು ಸಣ್ಣ ಗಾಯಕ್ಕೆ ಖರ್ಚು ಮಾಡಬೇಡಿ. 4 ವೇಗಕ್ಕೆ, ಬಾವುಟ ಹೊತ್ತವನ ಹಿಂದೆ ಓಡುವಾಗ ಅದನ್ನು ಇಟ್ಟುಕೊಂಡಿರಿ.

ಮೂವರಿಗೆ ಒಟ್ಟಿಗೆ ಪೆಟ್ಟಾದರೆ ಯಾರಿಗೆ ಮೊದಲು? ಬಹಳ ಜನ ಜೀವ ಎಲ್ಲಕ್ಕಿಂತ ಕಡಿಮೆ ಇರುವವನ ಕಡೆ ಓಡುತ್ತಾರೆ. ಮನಸ್ಸು ಹಾಗೆಯೇ ಎಳೆಯುತ್ತದೆ, ನನಗೂ ಎಳೆಯುತ್ತದೆ. ಆದರೆ ಅವನು ಬಯಲಲ್ಲಿ ನಾಲ್ವರ ಎದುರಿಗಿದ್ದರೆ ನೀವು ತಲುಪುವ ಮುಂಚೆ ಅವನಿರುವುದಿಲ್ಲ, ನೀವೂ ಇರುವುದಿಲ್ಲ. ನಾನು ನೋಡುವುದು ಎರಡೇ: ಮರೆಯಲ್ಲಿರುವವನು ಯಾರು, ಅವನು ಉಳಿದರೆ ಬಣಕ್ಕೆ ಆಗುವುದೇನು. ಬಾವುಟ ಹೊತ್ತವನಿದ್ದರೆ ಬೇರೆ ಯೋಚನೆಯೇ ಬೇಡ, ಅವನೇ ಮೊದಲು. ನಮ್ಮ ನೆಲೆ ಮುಟ್ಟುವ ತನಕ ಅವನನ್ನು ಬಿಡಬೇಡಿ. ಠಾಣೆ ಹಿಡಿಯುವ ಪಂದ್ಯವಾದರೆ ಠಾಣೆಯ ಮೇಲೆ ನಿಂತವನು ಮೊದಲು. ಉಳಿದಂತೆ ಮರೆಯಲ್ಲಿ ಅರ್ಧ ಜೀವದಿಂದಿರುವವನಿಗೆ ತುಂಬುವುದು ಬಯಲಲ್ಲಿ ಸಾಯುತ್ತಿರುವವನಿಗೆ ತುಂಬುವುದಕ್ಕಿಂತ ಮೇಲು. ಇದು ಕಠಿಣ ಎನ್ನಿಸಬಹುದು. ನೂರಾರು ಪಂದ್ಯ ಆಡಿದ ಮೇಲೂ ನನ್ನ ತೀರ್ಮಾನ ಇದೇ.

ಫೈರ್‌ಬರ್ಡ್ ಎಂಬ ಬೆಂಕಿ ಉಗುಳುವ ತೋಪಿನವನು ಬೆಂಕಿ ಹಚ್ಚಿ ಓಡಿಹೋದ ಮೇಲೂ ಟ್ಯಾಂಕು ಸ್ವಲ್ಪ ಹೊತ್ತು ಉರಿಯುತ್ತಲೇ ಇರುತ್ತದೆ. ಶತ್ರು ಹೋದ ಎಂದು ಅಲ್ಲಿಂದ ಹೊರಡಬೇಡಿ. ಉರಿ ಆರುವ ತನಕ ಕಿರಣ ಹಿಡಿಯಿರಿ. ಫ್ರೀಜ್ ಎಂಬ ತಣ್ಣಗಾಗಿಸುವ ತೋಪು ತಗುಲಿದವನು ನಿಧಾನವಾಗುತ್ತಾನೆ, ಅವನು ನಿಮ್ಮ ಬಳಿ ಬರಲಾರ. ನೀವೇ ಹೋಗಬೇಕು.

ಇಸಿಡಾದಿಂದ ಶತ್ರುವಿಗೆ ಹೊಡೆಯುವುದು ಯಾವಾಗ? ಹೊಡೆದಾಗ ಅವನ ಜೀವ ಇಳಿಯುವುದರ ಜೊತೆಗೆ ನಮ್ಮ ಟ್ಯಾಂಕಿಗೆ ಒಂದಿಷ್ಟು ಜೀವ ಮರಳುತ್ತದೆ. ಈ ಆಸೆಗೆ ಬಿದ್ದು ಬಣ ಬಿಟ್ಟು ಒಬ್ಬರೇ ಬೇಟೆಗೆ ಹೋಗುವ ಇಸಿಡಾಗಳನ್ನು ದಿನವೂ ನೋಡುತ್ತೇನೆ, ನೋಡಿದಾಗಲೆಲ್ಲ ಬೇಸರವಾಗುತ್ತದೆ. ಹಿಂದಿನಿಂದ ಒಂದು ವಾಸ್ಪ್ ನುಸುಳಿ ಬಂದರೆ ಹೊಡೆಯಿರಿ. ಜೊತೆಗಾರರೆಲ್ಲರ ಪಟ್ಟಿ ತುಂಬಿದ್ದು, ನಿಮ್ಮದು ಮಾತ್ರ ಇಳಿದಿದ್ದರೆ, ಮೂಲೆಗೆ ಬಂದ ಒಬ್ಬನನ್ನು ಹೊಡೆದು ಜೀವ ತೆಗೆದುಕೊಳ್ಳಿ. ಆಮೇಲೆ ತಿರುಗಿ ನಿಮ್ಮ ಜಾಗಕ್ಕೆ ಬನ್ನಿ. ಬಣವಿಲ್ಲದೆ ಎಲ್ಲರೂ ಎಲ್ಲರನ್ನೂ ಹೊಡೆಯುವ ಪಂದ್ಯಕ್ಕೆ ಇಸಿಡಾ ತೆಗೆದುಕೊಂಡು ಹೋಗುವುದನ್ನು ನಾನು ಹೇಳುವುದಿಲ್ಲ. ಅಲ್ಲಿ ಜೀವ ತುಂಬಲು ಯಾರೂ ಇರುವುದಿಲ್ಲ.

ಬಣದಲ್ಲಿ ಇನ್ನೊಂದು ಇಸಿಡಾ ಇದ್ದರೆ ಅದು ಭಾಗ್ಯ. ಇಬ್ಬರೂ ಒಬ್ಬರಿಗೊಬ್ಬರು ತುಂಬಿಕೊಂಡು ಒಂದು ಠಾಣೆಯನ್ನು ಬಹಳ ಹೊತ್ತು ಹಿಡಿದಿಡಬಹುದು. ಇಬ್ಬರೂ ಒಟ್ಟಿಗೆ ಶಕ್ತಿ ಖಾಲಿ ಮಾಡಿಕೊಳ್ಳದ ಹಾಗೆ ನೋಡಿಕೊಂಡರೆ ಸಾಕು.

ಮಾತು ಕಡಿಮೆ ಇರಲಿ. ನಾವು ಫೋನಿನಲ್ಲಿ ಮಾತಾಡುತ್ತ ಆಡುತ್ತೇವೆ. ಮೊದಮೊದಲು ಅಳಿಯ “ಸತ್ತೆ, ಸತ್ತೆ” ಎಂದು ಕೂಗುತ್ತಿದ್ದ. ಅದರಿಂದ ನನಗೆ ಏನೂ ತಿಳಿಯುತ್ತಿರಲಿಲ್ಲ. ಈಗ ನಮ್ಮಲ್ಲಿ ಮೂರೇ ಮಾತು. “ಹಿಂದೆ” ಎಂದು ಅವನು ಅಂದರೆ ಮೂಲೆಯಿಂದ ಸರಿಯುತ್ತಿದ್ದಾನೆ, ನಾನು ದಾರಿ ಬಿಡಬೇಕು. “ತುಂಬಿತು” ಎಂದು ನಾನು ಅಂದರೆ ಅವನು ಮತ್ತೆ ಇಣುಕಬಹುದು. “ಬರಿದು” ಎಂದರೆ ನನ್ನ ಶಕ್ತಿ ಮುಗಿದಿದೆ, ಅವನು ಮರೆಯಲ್ಲೇ ಕಾಯಬೇಕು. ಈ ಮೂರನೆಯ ಮಾತನ್ನು ಹೇಳಲು ಹೊಸಬರು ಸಂಕೋಚಪಡುತ್ತಾರೆ. ದಯವಿಟ್ಟು ಹೇಳಿ. ನೀವು ಸುಮ್ಮನಿದ್ದರೆ ಕಿರಣ ಇದೆ ಎಂದು ನಂಬಿ ಅವನು ಮುಂದೆ ಹೋಗುತ್ತಾನೆ.

ಜೀವ ತುಂಬಿದ್ದಕ್ಕೂ ಆಟದಲ್ಲಿ ಅಂಕ ಬರುತ್ತದೆ. ಆದರೂ ಪಂದ್ಯ ಮುಗಿದ ಮೇಲೆ ಬರುವ ಪಟ್ಟಿಯಲ್ಲಿ ನಾನು ನೋಡುವುದು ನನ್ನ ಅಂಕವನ್ನಲ್ಲ, ಅಳಿಯ ಎಷ್ಟು ಸಲ ಸತ್ತ ಎಂಬುದನ್ನು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯೊಳಗೆ ಪೆನ್ಸಿಲಿನಿಂದ ಆ ಸಂಖ್ಯೆ ಬರೆಯುತ್ತೇನೆ. ಶುರುವಿನ ದಿನಗಳಲ್ಲಿ ಒಂದು ಪಂದ್ಯಕ್ಕೆ 11, 9, 12 ಎಂದಿದೆ. ದಾರಿ ಬಿಡುವುದನ್ನು ಕಲಿತ ವಾರದಿಂದ 6 ದಾಟಿಲ್ಲ. ನಿನ್ನೆಯ ಮನೆಯಲ್ಲಿ 3 ಇದೆ.