ರಜೆಯಲ್ಲಿ ಹೇಂಟೆ ಕಾವಿಗೆ ಕೂರಿಸಿದ್ದು

ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದವರಿಗೆ ಮನೆಯಲ್ಲಿ ಸಿಗುವ ಕೆಲಸ ಒಂದೇ: ‘ಸುಮ್ನೆ ಕೂತಿದ್ದೀಯಲ್ಲ, ಕೋಳಿ ನೋಡ್ಕೋ.’ ನಾಟಿ ಹೇಂಟೆ ಕಾವಿಗೆ ಕೂತರೆ 21 ದಿನ, ರಜೆಯ ಅಳತೆಗೆ ಸರಿಯಾಗುತ್ತದೆ. ಮೊಟ್ಟೆ ಕಾಯುವುದು ಹೇಂಟೆಯ ಪಾಲು. ಹೇಂಟೆಯನ್ನು ಇರುವೆ, ಬೆಕ್ಕು ಮತ್ತು ಮನೆಮಂದಿಯಿಂದ ಕಾಯುವುದು ನನ್ನ ಪಾಲು. ಮೂರರಲ್ಲಿ ಕಷ್ಟ ಕೊನೆಯದೇ.

ಗೂಡಲ್ಲಿ ಕೂತ ಕೋಳಿಗೆಲ್ಲ ಕಾವು ಬಂದಿರುವುದಿಲ್ಲ. ಕಾವು ಬಂದದ್ದು ರಾತ್ರಿಯೂ ಗೂಡು ಬಿಡುವುದಿಲ್ಲ, ಕೈ ಹಾಕಿದರೆ ಪುಕ್ಕ ಉಬ್ಬಿಸಿ ಕುಕ್ಕುತ್ತದೆ, ಕೆಳಗಿಳಿದರೂ ‘ಕ್ಲಕ್ ಕ್ಲಕ್’ ಅನ್ನುತ್ತಲೇ ಓಡಾಡುತ್ತದೆ. ಎದೆ ಮುಟ್ಟಿದರೆ ಬಿಸಿ. ಆದರೂ ನಾನು ಎರಡು ಹಳೆ ಮೊಟ್ಟೆ ಕೊಟ್ಟು ಎರಡು ರಾತ್ರಿ ಪರೀಕ್ಷೆ ಮಾಡುತ್ತೇನೆ. ಎದ್ದು ಹೋಗುವ ಕೋಳಿ ಎರಡು ಹಳೆ ಮೊಟ್ಟೆ ಬಿಟ್ಟು ಹೋಗಲಿ, ಹನ್ನೊಂದು ಒಳ್ಳೆ ಮೊಟ್ಟೆ ಬಿಟ್ಟು ಹೋಗುವುದು ಬೇಡ.

ಮೊಟ್ಟೆ ಆರಿಸುವಲ್ಲೇ ಅರ್ಧ ಫಲಿತಾಂಶ ತೀರ್ಮಾನವಾಗುತ್ತದೆ. ಇಟ್ಟು ಏಳು ದಿನ ದಾಟಿರಬಾರದು, ಬೇಸಿಗೆಯಾದರೆ ನಾಲ್ಕೈದೇ ದಿನ. ಫ್ರಿಜ್‌ನಲ್ಲಿಟ್ಟದ್ದು ಬೇಡ. ತೊಳೆಯಲೂ ಬಾರದು, ಸಿಪ್ಪೆಯ ಮೇಲಿನ ತೆಳುವಾದ ಲೇಪ ಹೋದರೆ ಸಣ್ಣ ರಂಧ್ರಗಳಿಂದ ಸೋಂಕು ಒಳಗೆ ಹೋಗುತ್ತದೆ. ಕೊಳಕಾಗಿದ್ದರೆ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಅಜ್ಜಿ ರಾಗಿ ಮಡಕೆಯೊಳಗೆ ಚೂಪು ತುದಿ ಕೆಳಗೆ ಮಾಡಿ ಹೂಳಿಡುತ್ತಾಳೆ. ತಂಪೂ ಇರುತ್ತದೆ, ಉರುಳುವುದೂ ಇಲ್ಲ. ಅದಕ್ಕಿಂತ ಒಳ್ಳೆ ಟ್ರೇ ನಾನು ಕಂಡಿಲ್ಲ. ತೀರಾ ಸಣ್ಣದು, ತೀರಾ ದೊಡ್ಡದು, ಸಿಪ್ಪೆ ಒರಟಾದದ್ದು, ಕೂದಲೆಳೆ ಬಿರುಕಿರುವುದು ಎಲ್ಲವೂ ಆಮ್ಲೆಟ್‌ಗೆ. ಅಂಗಡಿಯ ಫಾರಂ ಮೊಟ್ಟೆ ಇಟ್ಟು ನೋಡೋಣವೇ ಎಂದು ಬೆಂಗಳೂರಿನ ನೆಂಟರ ಮಕ್ಕಳು ಪ್ರತಿ ಸಲ ಕೇಳುತ್ತಾರೆ. ಆ ಕೋಳಿಗಳು ಹುಂಜದ ಮುಖವನ್ನೇ ಕಂಡಿರುವುದಿಲ್ಲ. 21 ದಿನ ಇಟ್ಟರೆ ಸಿಗುವುದು ನಾತ ಮಾತ್ರ. ಮನೆಯ ಹಿಂಡಿನಲ್ಲೂ ಎಂಟು ಹತ್ತು ಹೇಂಟೆಗೆ ಒಂದು ಗಟ್ಟಿಮುಟ್ಟಾದ ಹುಂಜ ಇರಲೇಬೇಕು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿ ಕಾವಿಗೆ ಕೂರುವುದಿಲ್ಲವಾದ್ದರಿಂದ ಅದರ ಮೊಟ್ಟೆಯನ್ನೂ ನಾಟಿ ಹೇಂಟೆಯ ಕೆಳಗೇ ಇಡಬಹುದು. ಆದರೆ ಗಾತ್ರ ದೊಡ್ಡದು, ಎಂಟಕ್ಕೆ ನಿಲ್ಲಿಸಿ.

ನಾಟಿ ಮೊಟ್ಟೆಯಾದರೆ 9, 11, ದೊಡ್ಡ ಹೇಂಟೆಯಾದರೆ 13. ಬೆಸ ಸಂಖ್ಯೆಯೇ ಆಗಬೇಕು ಅನ್ನುವುದು ಅಜ್ಜಿಯ ಕಾನೂನು. ರೆಕ್ಕೆಯಡಿ ಒಂದೂ ಹೊರಗಿಣುಕಬಾರದು ಅನ್ನುವುದು ನನ್ನದು. ಹೊರಗುಳಿದ ಮೊಟ್ಟೆ ಆರುತ್ತದೆ. ಹೇಂಟೆ ಮೊಟ್ಟೆಗಳನ್ನು ತಿರುಗಿಸುತ್ತ ಜಾಗ ಬದಲಿಸುವುದರಿಂದ ನಾಳೆ ಇನ್ನೊಂದು ಆರುತ್ತದೆ. ಹೀಗೆ ಎರಡು ಹೆಚ್ಚಿಗೆ ಇಟ್ಟು ಐದು ಕಳೆದುಕೊಳ್ಳುವುದು.

ಬುಟ್ಟಿ ಒಂದೂಕಾಲು ಅಡಿ ಅಗಲ, ಅರ್ಧ ಅಡಿ ಆಳ. ಅಡಿಗೆ ಎರಡು ಅಂಗುಲ ಮರಳು ಮತ್ತು ಒಲೆಬೂದಿ, ಮೇಲೆ ಮೆತ್ತಗಿನ ಭತ್ತದ ಹುಲ್ಲು, ನಡುವೆ ಒಂದಿಷ್ಟು ಬೇವಿನ ಸೊಪ್ಪು. ಬೂದಿ, ಬೇವು ಹೇನಿಗೆ. ಹೇನು ಹತ್ತಿದ ಹೇಂಟೆ ಕೆರೆದುಕೊಳ್ಳಲು ಎದ್ದೆದ್ದು ಹೋಗುತ್ತದೆ. ಹುಲ್ಲನ್ನು ಮುಷ್ಟಿಯಿಂದ ಒತ್ತಿ ತಟ್ಟೆಯಷ್ಟು ಕುಳಿ ಮಾಡಿ. ಸಮತಟ್ಟಾದರೆ ಮೊಟ್ಟೆ ಅಂಚಿಗೆ ಉರುಳುತ್ತವೆ, ಕುಳಿ ಆಳವಾದರೆ ಒಂದರ ಮೇಲೊಂದು ಬಿದ್ದು ಒಡೆಯುತ್ತವೆ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಅಜ್ಜಿ ಒಂದು ಕಬ್ಬಿಣದ ಚೂರು ಸಿಕ್ಕಿಸುತ್ತಾಳೆ. ಇಂಜಿನಿಯರಿಂಗ್ ಓದುವವನಾಗಿ ವಾದ ಮಾಡಬಹುದಿತ್ತು. ಮಾಡಿದರೆ ಮುದ್ದೆ ತಡವಾಗುತ್ತದೆ.

ಇರುವೆಯದು ಮಾತ್ರ ನಗೆಯ ಮಾತಲ್ಲ. ಮರಿ ಸಿಪ್ಪೆ ಒಡೆದ ಕ್ಷಣ ಹಸಿ ವಾಸನೆಗೆ ಸಾಲು ಹಿಡಿದು ಬಂದು, ಹೊರಗೆ ಬರುವ ಮೊದಲೇ ಕಚ್ಚಿ ಕೊಲ್ಲುತ್ತವೆ. ಗಿಡ್ಡ ಸ್ಟೂಲಿನ ಮೇಲೆ ಬುಟ್ಟಿಯಿಟ್ಟು ನಾಲ್ಕು ಕಾಲಿಗೂ ನೀರು ತುಂಬಿದ ತೆಂಗಿನ ಚಿಪ್ಪು ಕೊಡುತ್ತೇನೆ. ಸ್ಟೂಲು ಗೋಡೆಗೆ ತಾಗಬಾರದು. ತಾಗಿದರೆ ಅದೇ ಸೇತುವೆ.

ಹೇಂಟೆಯನ್ನು ಕತ್ತಲಾದ ಮೇಲೆ ಕೂರಿಸಬೇಕು. ಹಗಲಲ್ಲಿ ಜಾಗ ಬದಲಿಸಿದರೆ ಹಳೆ ಗೂಡಿಗೇ ಓಡುತ್ತದೆ. ಅದಕ್ಕೂ ಮೊದಲು ಎಲ್ಲ ಮೊಟ್ಟೆಗೂ ಪೆನ್ಸಿಲಿನಲ್ಲಿ ಗೆರೆ ಹಾಕಿ. ಹೇಂಟೆ ಮೇಯಲು ಇಳಿದ ಹೊತ್ತಿಗೆ ಇನ್ನೊಂದು ಕೋಳಿ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಗೆರೆಯಿಲ್ಲದ್ದನ್ನು ಅವತ್ತೇ ತೆಗೆಯದಿದ್ದರೆ 21ನೇ ದಿನ ಒಂದಿಷ್ಟು ಮರಿ, ಒಂದಿಷ್ಟು ಅರ್ಧ ಬೆಳೆದ ಮೊಟ್ಟೆ. ಹೇಂಟೆ ಮರಿಗಳ ಹಿಂದೆ ಹೋಗುತ್ತದೆ, ಅರ್ಧ ಬೆಳೆದವು ಅಲ್ಲೇ ಸಾಯುತ್ತವೆ.

ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಹದಿನೈದು ಇಪ್ಪತ್ತು ನಿಮಿಷ ಇಳಿಸಿ ರಾಗಿ, ಜೋಳ, ನೀರು ಕೊಡಿ. ಎತ್ತುವಾಗ ರೆಕ್ಕೆಯಡಿ ಮೊಟ್ಟೆ ಸಿಕ್ಕಿದೆಯೇ ನೋಡಿ, ಇಲ್ಲವಾದರೆ ಬಿದ್ದು ಒಡೆಯುತ್ತದೆ. ಇಳಿದ ಕೂಡಲೇ ಅದು ಹಾಕುವ ಹಿಕ್ಕೆಯ ಗಾತ್ರಕ್ಕೂ ನಾತಕ್ಕೂ ಹೆದರಬೇಡಿ, ಒಂದು ದಿನದ ಬಾಕಿ ಅದು.

ಏಳನೇ ರಾತ್ರಿ ಮೊಬೈಲ್ ಟಾರ್ಚ್. ರಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ಅದರ ಮೇಲೆ ಮೊಟ್ಟೆಯ ಅಗಲ ತುದಿಯಿಟ್ಟು ಕೆಳಗಿನಿಂದ ಬೆಳಕು ಬಿಡಿ. ಜೇಡದ ಕಾಲಿನಂತೆ ಕೆಂಪು ನರ ಹರಡಿದ್ದರೆ ಬದುಕಿದೆ. ಪೂರ್ತಿ ತಿಳಿಯಾಗಿದ್ದರೆ ಬರಿ ಮೊಟ್ಟೆ. ಬಳೆಯಂಥ ಕೆಂಪು ಉಂಗುರ ಕಂಡರೆ ಒಳಗೆ ಬೆಳೆಯುತ್ತಿದ್ದದ್ದು ಸತ್ತಿದೆ. ಕೆಟ್ಟವನ್ನು ತೆಗೆಯಲೇಬೇಕು, ಒಳಗೆ ಗ್ಯಾಸ್ ತುಂಬಿ ಒಡೆದರೆ ಉಳಿದವಕ್ಕೂ ಅಂಟುತ್ತದೆ. 14ಕ್ಕೆ ಇನ್ನೊಮ್ಮೆ ನೋಡಿ. 18ರಿಂದ ಟಾರ್ಚೂ ಬೇಡ, ಕೈಯೂ ಬೇಡ; ಬೇಸಿಗೆಯಾದರೆ ಬುಟ್ಟಿಯಡಿಯ ಮರಳಿಗೆ ಒಂದು ಹಿಡಿ ನೀರು ಚಿಮುಕಿಸಿ, ಅಷ್ಟೇ. ಗಾಳಿ ಒಣಗಿದ್ದರೆ ಒಳಪೊರೆ ಮರಿಗೆ ಅಂಟಿಕೊಳ್ಳುತ್ತದೆ.

ಸಿಪ್ಪೆಯಲ್ಲಿ ಮೊದಲ ತೂತು ಕಂಡಾಗಿನಿಂದ ಮರಿ ಹೊರಬರಲು ಒಂದು ದಿನವೇ ಹಿಡಿಯಬಹುದು. ಈ ಒಂದು ದಿನ ಮನೆಯಲ್ಲಿ ಎಲ್ಲರೂ ಡಾಕ್ಟರು. ‘ಪಾಪ ಕಣೋ, ಸ್ವಲ್ಪ ಬಿಡಿಸು’ ಅನ್ನುವ ಅಮ್ಮನ ಮಾತು ಕೇಳಬಾರದು. ಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ, ಮೊಟ್ಟೆಯ ಹಳದಿ ಮರಿಯ ಹೊಟ್ಟೆಯೊಳಗೆ ಪೂರ್ತಿ ಹೋಗಿರುವುದಿಲ್ಲ. ಸಿಪ್ಪೆ ಸುಲಿದರೆ ರಕ್ತ ಸೋರಿ ಸಾಯುತ್ತದೆ. 22ನೇ ದಿನವೂ ಒಡೆಯದೆ ಉಳಿದದ್ದನ್ನು ಉಗುರುಬೆಚ್ಚಗಿನ ನೀರಿಗೆ ಬಿಡಿ. ಜೀವವಿದ್ದರೆ ತೇಲುತ್ತ ತಾನೇ ಅಲುಗುತ್ತದೆ, ಒರೆಸಿ ವಾಪಸ್ ಇಡಿ. ತೂತು ಬಿದ್ದದ್ದನ್ನು ಮಾತ್ರ ನೀರಿಗೆ ಬಿಡಬೇಡಿ.

ಮರಿಗೆ ಮೊದಲ ದಿನ ಮೇವಿನ ಆತುರವಿಲ್ಲ, ಹೊಟ್ಟೆಯ ಹಳದಿಯೇ ಸಾಕು. ಆಮೇಲೆ ನುಚ್ಚಕ್ಕಿ, ರಾಗಿ. ನೀರಿನ ತಟ್ಟೆಯಲ್ಲಿ ಗೋಲಿ ಗಾತ್ರದ ಕಲ್ಲು ಹರಡಿ, ಮುಳುಗುವುದು ತಪ್ಪುತ್ತದೆ. ಗೆದ್ದಲು ಸಿಕ್ಕರೆ ಹಬ್ಬ: ಹಳೆ ಮಡಕೆಗೆ ಒದ್ದೆ ಗೋಣಿಚೂರು, ಒಣ ಸಗಣಿ ತುಂಬಿ ಹುತ್ತದ ಪಕ್ಕ ಬೋರಲು ಹಾಕಿದರೆ ಬೆಳಗ್ಗೆಗೆ ತುಂಬಿರುತ್ತದೆ. ಹಗಲು ಹದ್ದು, ಕಾಗೆ, ಮುಂಗುಸಿ; ರಾತ್ರಿ ಬೆಕ್ಕು. ಕವುಚಿದ ಬುಟ್ಟಿಯ ಮೇಲೆ ಕಲ್ಲು ಹೇರದೆ ಮಲಗಬೇಡಿ.

ಕೊಕ್ಕರೆ ರೋಗ, ಅಂದರೆ ಕೋಳಿಗಳಿಗೆ ಹರಡುವ ರಾಣಿಖೇತ್, ಬಂದರೆ ಇಷ್ಟೆಲ್ಲ ಮಾಡಿದ್ದು ಒಂದೇ ವಾರದಲ್ಲಿ ಗುಂಡಿಗೆ. ಐದರಿಂದ ಏಳನೇ ದಿನದೊಳಗೆ ಲಸೋಟ ಲಸಿಕೆ, ಕಣ್ಣಿಗೊಂದು ಹನಿ. ಒಂದು ಸೀಸೆಯಲ್ಲಿ ನೂರು ಮರಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಅಕ್ಕಪಕ್ಕದ ಮನೆಯ ಮರಿಗಳನ್ನೂ ಒಟ್ಟಿಗೆ ಸೇರಿಸಿಕೊಳ್ಳಿ. ಥರ್ಮಾಸ್‌ನಲ್ಲಿ ಐಸ್ ಹಾಕಿಯೇ ತನ್ನಿ. ಎಂಟನೇ ವಾರಕ್ಕೆ ಅದೇ ರೋಗದ ಇನ್ನೊಂದು ಲಸಿಕೆ ಆರ್‌ಟೂಬಿ, ರೆಕ್ಕೆಯಡಿ ಚರ್ಮದ ಕೆಳಗೆ ಅರ್ಧ ಎಂಎಲ್ ಚುಚ್ಚುಮದ್ದು. ಅಷ್ಟು ಹೊತ್ತಿಗೆ ತಾಯಿಯೇ ಮರಿಗಳನ್ನು ಕುಕ್ಕಿ ಓಡಿಸಿ ಮತ್ತೆ ಮೊಟ್ಟೆಗೆ ತಯಾರಾಗಿರುತ್ತದೆ, ನಾನು ಹಾಸ್ಟೆಲಿನಲ್ಲಿರುತ್ತೇನೆ. ತಾರೀಖನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟು, ಹಿಂದಿನ ಸಂಜೆ ಅಪ್ಪನಿಗೆ ಫೋನ್ ಮಾಡುತ್ತೇನೆ.