ಮೂಗಿನ ಮಸಿ, ಲ್ಯಾಕ್ಟೇಟ್ 12

ರಾತ್ರಿ ಎರಡೂವರೆಗೆ ಆಂಬುಲೆನ್ಸ್ ಬಂತು. ಬೆಂಕಿ ಬಿದ್ದ ಫೋಮ್ ಹಾಸಿಗೆ ಗೋಡೌನಿನ ವಾಚ್‌ಮನ್. ಮೈಮೇಲೆ ಒಂದೂ ಸುಟ್ಟ ಗಾಯವಿಲ್ಲ. ಆದರೆ ಮೂಗಿನ ಹೊಳ್ಳೆ ತುಂಬ ಮಸಿ. ಟಾರ್ಚ್ ಹಿಡಿದರೆ ಗಂಟಲಲ್ಲೂ ಮಸಿ. ಕೂಗಿದರೂ ಎಚ್ಚರವಿಲ್ಲ. ಮೇಲಿನ ಬಿಪಿ 70.

"ಆಕ್ಸಿಜನ್ ಸ್ಯಾಚುರೇಶನ್ 99 ಇದೆ ಸರ್" ಎಂದರು ಸಿಸ್ಟರ್. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ. ಬೆರಳಿಗೆ ಹಾಕುವ ಆ ಕ್ಲಿಪ್‌ಗೆ ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮಾನಾಕ್ಸೈಡೂ ಆಕ್ಸಿಜನ್ನೂ ಒಂದೇ ಥರ ಕಾಣುತ್ತವೆ. ಉಸಿರಾಟಕ್ಕೆ ಟ್ಯೂಬ್ ಹಾಕಿ ನೂರಕ್ಕೆ ನೂರು ಆಕ್ಸಿಜನ್ ಕೊಟ್ಟೆ.

ಬ್ಲಡ್ ಗ್ಯಾಸ್‌ನಲ್ಲಿ ಲ್ಯಾಕ್ಟೇಟ್ 12. ಜೀವಕೋಶಕ್ಕೆ ಆಕ್ಸಿಜನ್ ದಕ್ಕದಿದ್ದಾಗ ರಕ್ತದಲ್ಲಿ ಏರುವ ವಸ್ತು ಅದು; ಸಾಮಾನ್ಯವಾಗಿ 2ರ ಒಳಗಿರಬೇಕು. ಹೊಗೆ ಕುಡಿದವರಲ್ಲಿ ದೊಡ್ಡ ಸುಟ್ಟಗಾಯವಿಲ್ಲದೆ 10 ದಾಟಿದರೆ ನನ್ನ ತಲೆಗೆ ಮೊದಲು ಬರುವುದು ಸಯನೈಡ್. ಫೋಮ್, ನೈಲಾನ್, ಉಣ್ಣೆ, ಅಷ್ಟೇ ಏಕೆ, ನಮ್ಮ ರೇಷ್ಮೆ ಉರಿದರೂ ಅದು ಹುಟ್ಟುತ್ತದೆ. ರಕ್ತದಲ್ಲಿ ಆಕ್ಸಿಜನ್ ಇದ್ದರೂ ಜೀವಕೋಶ ಅದನ್ನು ಬಳಸಲಾರದು. ಮನೆ ತುಂಬ ಅಕ್ಕಿ, ಒಲೆ ಮಾತ್ರ ಹತ್ತುತ್ತಿಲ್ಲ, ಹಾಗೆ.

ಇದಕ್ಕೆ ಒಳ್ಳೆಯ ಮದ್ದು ಹೈಡ್ರಾಕ್ಸೊಕೊಬಾಲಮಿನ್, ಬಿ12ರದೇ ಒಂದು ರೂಪ. ಸಯನೈಡನ್ನು ಹಿಡಿದುಕೊಂಡು ಮೂತ್ರದಲ್ಲಿ ಹೊರಹೋಗುತ್ತದೆ. ದೊಡ್ಡವರಿಗೆ 5 ಗ್ರಾಂ, 15 ನಿಮಿಷದಲ್ಲಿ ಡ್ರಿಪ್. ಇಂಗ್ಲೆಂಡಿನಲ್ಲಿದ್ದಾಗ ಒಮ್ಮೆ ಕೊಟ್ಟಿದ್ದೆ. ಮೂತ್ರ ಬೀಟ್‌ರೂಟ್ ರಸದಂತೆ ಕೆಂಪಾಯಿತು. ಮದ್ದಿಗೆ ಮೊದಲೇ ಪರೀಕ್ಷೆಗೆ ರಕ್ತ ತೆಗೆದಿಡಲು ಮರೆತಿದ್ದೆ. ರಕ್ತಕ್ಕೂ ಸೇರಿದ ಆ ಕೆಂಪಿನಿಂದಾಗಿ ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಅಳೆಯಲಾಗುತ್ತಿಲ್ಲ ಎಂದು ಲ್ಯಾಬ್‌ನವರು ಫೋನ್ ಮಾಡಿದರು.

ಇಲ್ಲಿ ಆ ಕಿಟ್ ಇರಲಿಲ್ಲ. ಫಾರ್ಮಸಿಯಲ್ಲಿದ್ದದ್ದು ರಕ್ತಹೀನತೆಗೆ ಕೊಡುವ 1 ಮಿಲಿಗ್ರಾಂ ಆಂಪೂಲ್. 5 ಗ್ರಾಂ ಆಗಬೇಕಾದರೆ ಐದು ಸಾವಿರ ಒಡೆಯಬೇಕು! ಸಯನೈಡಿಗೆ ಹಳೆಯ ಪದ್ಧತಿಯ ಮದ್ದು ನೈಟ್ರೈಟ್ ನಾನು ಮುಟ್ಟಲಿಲ್ಲ. ಅದು ಹಿಮೋಗ್ಲೋಬಿನ್ನನ್ನೇ ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಮಾನಾಕ್ಸೈಡ್ ಆಗಲೇ ಅರ್ಧ ಜಾಗ ಹಿಡಿದಿರುವಾಗ ಅದು ಅಪಾಯ ಅಲ್ವಾ? ಸಯನೈಡಿಗೆ ಇನ್ನೊಂದು ಮದ್ದು, ಸೋಡಿಯಂ ಥಯೋಸಲ್ಫೇಟ್ ಸಿಕ್ಕಿತು. 12.5 ಗ್ರಾಂ ನಿಧಾನವಾಗಿ ಬಿಟ್ಟೆ. ಅದರ ಕೆಲಸವೂ ನಿಧಾನವೇ. ಜೊತೆಗೆ ಬಿಪಿ ಏರಿಸಲು ನಾರ್‌ಅಡ್ರಿನಲಿನ್.

ಬೆಳಗಿನ ಹೊತ್ತಿಗೆ ಲ್ಯಾಕ್ಟೇಟ್ 4. ಮೂರನೇ ದಿನ ಟ್ಯೂಬ್ ತೆಗೆದೆವು. ಉಳಿಸಿದ್ದು ಆಕ್ಸಿಜನ್ನೋ ಥಯೋಸಲ್ಫೇಟೋ, ಹೇಳಲಾರೆ. ಹೊರಗಿನ ಲ್ಯಾಬ್‌ಗೆ ಕಳಿಸಿದ್ದ ಸಯನೈಡ್ ರಿಪೋರ್ಟ್ ಕೈಗೆ ಬಂದಾಗ ಆತ ಮನೆಗೆ ಹೋಗಿ ನಾಲ್ಕು ದಿನವಾಗಿತ್ತು.