ತಿಮರೆ ಜೆಲ್: ಒಳಗೂ ಹೊರಗೂ ಒಂದೇ ಸಮ ಗಟ್ಟಿಯಾಗಲು

ಗಾಯದ ಆರೈಕೆಗೆಂದು ಲ್ಯಾಬಿನಲ್ಲಿ ಮಾಡುವ ತಿಮರೆ (ಒಂದೆಲಗ) ಹೈಡ್ರೋಜೆಲ್ (ನೀರು ಹಿಡಿದಿಟ್ಟುಕೊಳ್ಳುವ ಜೆಲ್) ಕೆಡುವುದು ಹೆಚ್ಚಾಗಿ ಎರಡು ಕಡೆ: ಸಾರದಲ್ಲಿ ಉಳಿದ ಆಲ್ಕೋಹಾಲ್, ಅವಸರಕ್ಕೆ ಸುರಿದ ಕ್ಯಾಲ್ಸಿಯಂ.

ಎಲೆಯನ್ನು 45 ಡಿಗ್ರಿಯ ಓವನ್‌ನಲ್ಲೇ ಒಣಗಿಸಿ. ಮಂಗಳೂರಿನ ಮಳೆಗಾಲದಲ್ಲಿ ನೆರಳಿಗೆ ಹರಡಿದರೆ ಬೂಷ್ಟು ಖಂಡಿತ. 10 ಗ್ರಾಂ ಪುಡಿಯನ್ನು 100 ಮಿ.ಲೀ. 70% ಎಥನಾಲ್‌ನಲ್ಲಿ ಒಂದು ದಿನ ನೆನೆಸಿ, ಸೋಸಿ. ಈ ಆಲ್ಕೋಹಾಲ್ ಪೂರ್ತಿ ಆರಬೇಕು. ಉಳಿದರೆ ಆಲ್ಜಿನೇಟ್ (ಕ್ಯಾಲ್ಸಿಯಂ ತಾಗಿದರೆ ಜೆಲ್ ಆಗುವ, ಕಡಲಪಾಚಿಯ ಅಂಟು) ಬಿಳಿ ನೂಲುನೂಲಾಗಿ ಬೇರ್ಪಡುತ್ತದೆ. ಆರಿದ ಸಾರ ಅರ್ಧ ಗ್ರಾಂ ತೂಗಿ, 5 ಮಿ.ಲೀ. ನೀರಿನಲ್ಲಿ ಕದಡಿ, ಪಿಎಚ್ 7ಕ್ಕೆ (ಹುಳಿಯೂ ಅಲ್ಲ, ಕ್ಷಾರವೂ ಅಲ್ಲದ ಮಟ್ಟಕ್ಕೆ) ತನ್ನಿ.

2 ಗ್ರಾಂ ಸೋಡಿಯಂ ಆಲ್ಜಿನೇಟನ್ನು 80 ಮಿ.ಲೀ. ಡಿಸ್ಟಿಲ್ಡ್ ನೀರಿಗೆ, ಜೋರಾಗಿ ತಿರುಗುವ ಸುಳಿಯ ಅಂಚಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಗಂಟು. ಗಂಟಿನ ಹೊರಪದರ ಅಂಟಾಗಿ ಒಳಗಿನ ಪುಡಿಗೆ ನೀರೇ ತಾಗುವುದಿಲ್ಲ. ನಲ್ಲಿ ನೀರು ಬೇಡ, ಅದರಲ್ಲೂ ಕ್ಯಾಲ್ಸಿಯಂ ಇರುತ್ತದೆ. ಗುಳ್ಳೆ ಹೋಗಲು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ, ಬೆಳಗ್ಗೆ ಹೊರತೆಗೆದು ಕೋಣೆಯ ಶಾಖಕ್ಕೆ ಬಂದ ಮೇಲೆ ಸಾರ ಬೆರೆಸಿ.

ಇನ್ನು ಗಟ್ಟಿಗೊಳಿಸುವುದು. ಕ್ಯಾಲ್ಸಿಯಂ ಕ್ಲೋರೈಡ್ ಸುರಿಯುವುದು ಸುಲಭದ ದಾರಿ, ಆದರೆ ದಪ್ಪ ಜೆಲ್‌ಗೆ ಅದು ಬೇಡವೇ ಬೇಡ. ಮೇಲೆ ಕೆನೆ ಕಟ್ಟುತ್ತದೆ, ಒಳಗೆ ಗಂಜಿಯಾಗಿಯೇ ಉಳಿಯುತ್ತದೆ. ಅದರ ಬದಲು 0.2 ಗ್ರಾಂ ನುಣುಪಾದ ಕ್ಯಾಲ್ಸಿಯಂ ಕಾರ್ಬೊನೇಟನ್ನು 5 ಮಿ.ಲೀ. ನೀರಿನಲ್ಲಿ ಕದಡಿ ಬೆರೆಸಿ. ತರಿತರಿ ಪುಡಿ ತಳಕ್ಕಿಳಿದು ಜೆಲ್ ಕೆಳಗೆ ಮಾತ್ರ ಬಿಗಿಯುತ್ತದೆ. ಕೊನೆಗೆ 0.71 ಗ್ರಾಂ ಗ್ಲುಕೋನೋ ಡೆಲ್ಟಾ ಲ್ಯಾಕ್ಟೋನನ್ನು 10 ಮಿ.ಲೀ. ನೀರಿನಲ್ಲಿ ಕರಗಿಸಿ, ತಕ್ಷಣ ಸೇರಿಸಿ. ಇದು ನೀರು ತಾಗಿದಾಗಿನಿಂದಲೇ ಆಮ್ಲವಾಗತೊಡಗುತ್ತದೆ. ಮುಂಚೆಯೇ ಕರಗಿಸಿಟ್ಟರೆ ಬೆರೆಸುವಷ್ಟರಲ್ಲೇ ಜೆಲ್ ಕಟ್ಟಿಬಿಡುತ್ತದೆ. ಆಮ್ಲ ನಿಧಾನವಾಗಿ ಕಾರ್ಬೊನೇಟನ್ನು ಕರಗಿಸಿದಂತೆ ಕ್ಯಾಲ್ಸಿಯಂ ಎಲ್ಲೆಡೆ ಒಂದೇ ಸಮ ಬಿಡುಗಡೆಯಾಗುತ್ತದೆ. ಮೋಲ್ (ಕಣಗಳ ಎಣಿಕೆ) ಲೆಕ್ಕದಲ್ಲಿ ಕಾರ್ಬೊನೇಟ್ ಒಂದಕ್ಕೆ ಲ್ಯಾಕ್ಟೋನ್ ಎರಡು. ಕಾರ್ಬೊನೇಟ್ ಹೆಚ್ಚಿಸಿದರೆ ಲ್ಯಾಕ್ಟೋನನ್ನೂ ಹೆಚ್ಚಿಸಿ. ಸಾರದ ಪಿಎಚ್ ಮೊದಲೇ 7ಕ್ಕೆ ತರುವುದೂ ಇದಕ್ಕೇ: ಹುಳಿ ಸಾರ ಕಾರ್ಬೊನೇಟನ್ನು ಮುಂಚೆಯೇ ಕರಗಿಸುತ್ತದೆ. ಅಚ್ಚಿಗೆ ಹೊಯ್ದು, ಮುಚ್ಚಿ, ರಾತ್ರಿ ಅಲುಗಿಸದೆ ಬಿಡಿ.

ಎಷ್ಟು ಉಬ್ಬುತ್ತದೆಂದು ನೋಡಲು ಫಾಸ್ಫೇಟ್ ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಬಳಸಬೇಡಿ, ಅದು ಕ್ಯಾಲ್ಸಿಯಂ ಕಸಿದು ಜೆಲ್ಲನ್ನು ಮೆತ್ತಗಾಗಿಸುತ್ತದೆ. ಲೀಟರಿಗೆ 8.298 ಗ್ರಾಂ ಸೋಡಿಯಂ ಕ್ಲೋರೈಡ್, 0.368 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ ಹಾಕಿದ ದ್ರಾವಣವೇ ಗಾಯದ ಸ್ರಾವಕ್ಕೆ ಹತ್ತಿರ. ರೋಗಾಣು ಕೊಲ್ಲಲು ಆಟೋಕ್ಲೇವ್ ಮಾಡಿದರೆ (ಒತ್ತಡದ ಹಬೆಯಲ್ಲಿಟ್ಟರೆ) ಆಲ್ಜಿನೇಟ್ ತೆಳುವಾಗುತ್ತದೆ. ಹಾಗಾಗಿ ಇದು ಲ್ಯಾಬ್ ಮಾದರಿ ಮಾತ್ರ. ಯಾರ ಗಾಯಕ್ಕೂ, ವಿಶೇಷವಾಗಿ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ, ಹಚ್ಚಲೇಬಾರದು.